ಹತ್ತೊಂಬತ್ತು ಕನ್ಯೆಯರ ಒಂದೇ ನಂಬರು

ಗುಡಗೇರಿ ಸ್ಟೇಶನ್ ರಸ್ತೆಯ ಝೆರಾಕ್ಸ್ ಅಂಗಡಿ ಗೌರೀಶನಿಗೆ ಶನಿವಾರ ಒದಗಿದ ಫಜೀತಿಗೆಲ್ಲ ಒಂದೇ ಒಂದು ಕಾಲಂ ಕಾರಣ. ಭಾನುವಾರ ಸಮಾಜದ ವಧು-ವರರ ಸಮಾವೇಶ. ಅದಕ್ಕೆ ಹೆಸರು ಹಚ್ಚುವ ಆನ್‌ಲೈನ್ ಫಾರ್ಮು ಮಾಡಿದವನು ಅವನೇ. ಹೋದ ವರ್ಷ ಕಾಗದದ ಫಾರ್ಮಿನಲ್ಲಿ ಒಬ್ಬ ವರಮಹಾಶಯ ವಯಸ್ಸಿನ ಜಾಗದಲ್ಲಿ ‘ಸಾಧಾರಣ’ ಎಂದು ಬರೆದಿದ್ದ. ಈ ಸಲ ಅಂಥ ಆಟ ನಡೆಯಬಾರದೆಂದು ಗೌರೀಶ ಬ್ರೌಸರಿನಲ್ಲಿ ಮೊದಲೇ ಇರುವ ಕಾವಲನ್ನೆಲ್ಲ ಬಳಸಿಕೊಂಡಿದ್ದ. ಹೆಸರು ಕಡ್ಡಾಯ. ವಯಸ್ಸಿಗೆ ಕೆಳಗೊಂದು ಮಿತಿ, ಮೇಲೊಂದು ಮಿತಿ. ಮೊಬೈಲ್ ನಂಬರಿಗೆ ‘ರಿಕ್ವೈರ್ಡ್’, ಅಂದರೆ ಖಾಲಿ ಬಿಡುವಂತಿಲ್ಲ, ಜೊತೆಗೆ ‘ಪ್ಯಾಟರ್ನ್’ ಕೂಡ: ಸರಿಯಾಗಿ ಹತ್ತು ಅಂಕಿ, ಮೊದಲನೆಯದು ಆರಕ್ಕಿಂತ ಕಡಿಮೆ ಇರಕೂಡದು. ಸುಳ್ಳು ಒಳಗೆ ನುಸುಳಲಾರದು ಎಂದು ಸಮಾಜದ ಅಧ್ಯಕ್ಷ ಶಂಭುಲಿಂಗಪ್ಪನವರಿಗೆ ಎದೆ ತಟ್ಟಿ ಹೇಳಿದ್ದ.

ಎದೆ ತಟ್ಟಲು ಸ್ವಂತದ ಕಾರಣವೂ ಇತ್ತು. ಮೂವತ್ತಮೂರು ವರ್ಷದ ಗೌರೀಶನ ಹೆಸರೂ ಅದೇ ಪಟ್ಟಿಯಲ್ಲಿತ್ತು. ಹೋದ ವರ್ಷದ ಸಮಾವೇಶದಲ್ಲಿ ಬಮ್ಮಿಗಟ್ಟಿಯ ಟೀಚರು ರೋಹಿಣಿಯನ್ನು ಕಂಡು, ಮಾತಾಡಿಸಲು ಧೈರ್ಯ ಸಾಲದೆ, ಮೂರು ಗ್ಲಾಸು ಮಜ್ಜಿಗೆ ಕುಡಿದು ಮನೆಗೆ ಬಂದಿದ್ದ. ಈ ಸಲ ಪಟ್ಟಿಯಲ್ಲಿ ನಂಬರು ನೋಡಿ ಅವಳ ಮನೆಯವರಿಗೆ ತಾನೇ ಫೋನು ಮಾಡುವುದೆಂದು ನಿಶ್ಚಯಿಸಿದ್ದ.

ಶನಿವಾರ ಬೆಳಿಗ್ಗೆ ಗೌರೀಶ ತೆರೆದು ನೋಡುವ ಮೊದಲೇ ಪಟ್ಟಿ ಸಮಾಜದ ವಾಟ್ಸಾಪ್ ಗ್ರೂಪಿಗೆ ಹೋಯಿತು. ಎಂಟು ಗಂಟೆಗೆ ಶಲವಡಿಯ ಹೆಂಗಸೊಬ್ಬಳು ಅವನಿಗೆ ಫೋನು ಮಾಡಿ, “ಹುಡುಗಿಗೆ ರೊಟ್ಟಿ ಬಡಿಯಾಕ ಬರ್ತೈತೇನ್ರಿ?” ಎಂದು ಕೇಳಿದಳು. ರಾಂಗ್ ನಂಬರ್ ಎಂದು ಇಟ್ಟುಬಿಟ್ಟ. ಎರಡನೆಯವರು ಹುಡುಗಿಯ ಎತ್ತರ ಕೇಳಿದರು. ಐದನೆಯವರು ಅವನನ್ನು ಬೀಗರೆಂದೇ ಕರೆದರು. ಗೌರೀಶ ಗಾಬರಿಯಾಗಿ ಪಟ್ಟಿ ತೆರೆದ. ಹತ್ತೊಂಬತ್ತು ಕನ್ಯೆಯರು, ಹತ್ತೊಂಬತ್ತರ ಮುಂದೆಯೂ ಅವನದೇ ನಂಬರು. ಹದಿನೇಳನೆಯವಳು ರೋಹಿಣಿ.

ವಾರವಿಡೀ ಅವನ ಅಂಗಡಿಯಲ್ಲಿ ಕೂತು ಊರ ಹೆಂಗಸರಿಗೆಲ್ಲ ಫಾರ್ಮು ತುಂಬಿಕೊಟ್ಟವಳು ಬಾಜು ಮನೆಯ ಮಹಾದೇವಕ್ಕ. ಕೇಳಿದರೆ ಅವಳಿಗೆ ಕಿಂಚಿತ್ತೂ ಅಳುಕಿಲ್ಲ.

“ಹುಡುಗ್ಯಾರ ನಂಬರ ಊರ ಮಂದಿಗೆಲ್ಲಾ ಕೊಡಾಕ ಬರ್ತೈತೇನೋ ತಮ್ಮಾ? ಖಾಲಿ ಬಿಟ್ರ ನಿನ್ನ ಫಾರ್ಮ್ ಮುಂದ ಹೋಗವಲ್ದು. ಹತ್ತು ಸೊನ್ನಿ ಒತ್ತಿದೆ, ಬ್ಯಾಡಂತು. ಹೊರಗ ನಿನ್ನ ಬೋರ್ಡಿನ ಮ್ಯಾಲಿನ ನಂಬರ ಒತ್ತಿದೆ, ಸುಮ್ನ ತುಗೊಂತು.”

ಅಂಕಿ ಹತ್ತಿವೆಯೇ ಎಂದು ಫಾರ್ಮು ನೋಡುತ್ತದೆ, ಆ ಅಂಕಿ ಯಾರವು ಎಂದು ನೋಡುವುದಿಲ್ಲ. ಇಷ್ಟು ಸಣ್ಣ ಮಾತು ಗೌರೀಶನಿಗೆ ಆಗ ಹೊಳೆಯಿತು. ಆದರೆ ತಾನು ತುಂಬಿದ್ದು ಹದಿನೆಂಟೇ, ಬಮ್ಮಿಗಟ್ಟಿಯದು ತನಗೆ ಗೊತ್ತಿಲ್ಲ ಎಂದಳು ಮಹಾದೇವಕ್ಕ.

ಶಂಭುಲಿಂಗಪ್ಪನವರು ಬಂದು ಎಲ್ಲ ಕೇಳಿಸಿಕೊಂಡರು. ಈಗ ಪಟ್ಟಿ ತಿದ್ದಿದರೆ ಗೊಂದಲ ಹೆಚ್ಚುತ್ತದೆ, ಫೋನು ಬಂದ್ ಮಾಡಕೂಡದು, ಯಾರು ಯಾರನ್ನು ಕೇಳಿದರೆಂದು ವಹಿಯಲ್ಲಿ ಬರೆದಿಡಬೇಕು ಎಂದು ತೀರ್ಪು ಕೊಟ್ಟರು. “ನಾಳೆ ಮಟ ಹತ್ತೊಂಬತ್ತೂ ಹುಡುಗ್ಯಾರ ತಂದಿ ನೀನ ಅಂತ ತಿಳಕೋ,” ಎಂದು ಬೆನ್ನು ತಟ್ಟಿ ಹೋದರು.

ಮಧ್ಯಾಹ್ನದ ಹೊತ್ತಿಗೆ ಗೌರೀಶನ ದನಿಗೆ ಕನ್ಯಾಪಿತೃವಿನ ಗಾಂಭೀರ್ಯ ಬಂದಿತ್ತು. ರೋಹಿಣಿಯನ್ನೇ ಏಳು ಮಂದಿ ಕೇಳಿದ್ದರು. ಅವರಲ್ಲೊಬ್ಬ ಅಣ್ಣಿಗೇರಿ ಕಡೆಯ ದನದ ಡಾಕ್ಟರು, ಕಾರೂ ಇತ್ತು. ಆ ಹುಡುಗಿಯ ಲಗ್ನ ಗೊತ್ತಾಗಿದೆ ಎಂಬ ಮಾತು ಗೌರೀಶನ ನಾಲಿಗೆಯ ತುದಿಗೆ ಬಂತು. ಆದರೂ ನುಂಗಿಕೊಂಡು ಹೆಸರು ಬರೆದ, ಸ್ವಲ್ಪ ಸಣ್ಣ ಅಕ್ಷರದಲ್ಲಿ.

ಎರಡು ಗಂಟೆಗೆ ಒಂದು ಹುಡುಗಿಯ ದನಿ. ತಾನು ಹದಿನೇಳನೇ ನಂಬರಿನ ರೋಹಿಣಿ ಎಂದಿತು. ಅವ್ವ ಹುಡುಗಿಯ ನಂಬರು ಕೊಡಬೇಡ ಎಂದಳು, ಫಾರ್ಮು ಖಾಲಿ ಬಿಡಗೊಡಲಿಲ್ಲ, ಅದಕ್ಕೇ ‘ತೊಂದರೆಯಾದರೆ ಕರೆ ಮಾಡಿರಿ’ ಎಂದು ಫಾರ್ಮಿನ ಕೆಳಗೆ ಕೊಟ್ಟಿದ್ದ ನಂಬರನ್ನೇ ತುಂಬಿದೆ ಎಂದು ವಿವರಿಸಿತು. ತ್ರಾಸಾಯಿತೇ ಎಂದೂ ಕೇಳಿತು. ಏನೂ ಇಲ್ಲವೆಂದ ಗೌರೀಶ. ತನಗಾಗಿ ಯಾರು ಯಾರು ಕೇಳಿದರು ಎಂದಳು. ಅವನು ಏಳೂ ಹೆಸರು ಓದಿದ, ಕಾರನ್ನೂ ಬಿಡಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡು ಎಂಟನೆಯದು ಹೇಳಿದ: ಗೌರೀಶ, ಝೆರಾಕ್ಸ್ ಅಂಗಡಿ, ಗುಡಗೇರಿ.

“ಅವರು ಯಾವಾಗ ಫೋನ್ ಮಾಡಿದ್ರು?”

“ಮಾಡಿಲ್ರಿ. ಈಗ ಮಾತಾಡಾಕತ್ತಾರ.”

ಆ ಕಡೆಯಿಂದ ನಗು ಕೇಳಿಸಿತು. ಅಪ್ಪನಿಗೆ ಹೇಳುತ್ತೇನೆ, ಅವರೇ ನಾಲ್ಕರ ಮೇಲೆ ಫೋನು ಮಾಡುತ್ತಾರೆ ಎಂದು ಇಟ್ಟಳು. ಗೌರೀಶನಿಗೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ. ಕಾರಣ ಹೇಳದೆ ಮಹಾದೇವಕ್ಕನಿಗೆ ಚಹಾ ತರಿಸಿಕೊಟ್ಟ.

ನಾಲ್ಕಾಯಿತು, ಐದಾಯಿತು. ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಎಲ್ಲ ಕರೆಯೂ ಉಳಿದ ಹದಿನೆಂಟು ಹೆಣ್ಣುಮಕ್ಕಳ ಸಲುವಾಗಿಯೇ. ಒಬ್ಬರನ್ನು ಇಡುವಷ್ಟರಲ್ಲಿ ಇನ್ನೊಬ್ಬರು. ಅವನು ಎಲ್ಲರಿಗೂ ನಗುನಗುತ್ತಲೇ ಉತ್ತರ ಕೊಟ್ಟ.

ಏಳು ಗಂಟೆಗೆ ರೋಹಿಣಿಯ ಮೆಸೇಜು ಬಂತು.

‘ಅಪ್ಪಾರು ಮೂರು ತಾಸಿನಿಂದ ಫೋನ್ ಹಚ್ಚಾಕತ್ತಾರ, ನಿಮ್ದು ಬಿಜಿ ಬರಾಕತ್ತೈತಿ. ದಿನಾಪೂರ್ತಿ ಫೋನ್‌ನ್ಯಾಗ ಇರೋ ಹುಡುಗ ಬ್ಯಾರೆ ಯಾವುದೋ ಹುಡುಗಿ ಕೂಡ ಮಾತಾಡ್ತಿರಬೇಕು, ಈ ಸಂಬಂಧ ಬ್ಯಾಡ ಅಂತಾರ.’

ಒಬ್ಬಳಲ್ಲ, ಹದಿನೆಂಟು ಹುಡುಗಿಯರ ಸಲುವಾಗಿ ಎಂದು ಬರೆಯಲು ಹೋಗಿ ಗೌರೀಶ ಅಳಿಸಿದ. ಅಷ್ಟರಲ್ಲಿ ಇನ್ನೊಂದು ಮೆಸೇಜು ಬಂತು.

‘ನಾಳೆ ಅಪ್ಪಾರನ್ನ ನಾನ ಕರಕೊಂಡು ಬರ್ತೇನ್ರಿ. ನೀವು ಫೋನ್ ಮನ್ಯಾಗ ಬಿಟ್ಟು ಬರ್ರಿ.’