ಆ ಹೆಸರಿನವರು ಇಲ್ಲಿಲ್ಲ

ಹುಡುಕುವ ಕೆಲಸಕ್ಕೆ ನನ್ನಂಥವನನ್ನು ಇಡಲೇಬಾರದು. ಕಣ್ಣು ಎದುರಿಗಿದ್ದರೂ ಮನಸ್ಸು ಎಲ್ಲೋ ಅಲೆಯುತ್ತಿರುತ್ತದೆ. ಆದರೂ ಖರಾಡಿಯ ಒಂದು ಕಂಪನಿ ಆ ಕಾಲದಲ್ಲಿ ಇದೇ ಕೆಲಸಕ್ಕೆ ನನಗೆ ಸಂಬಳ ಕೊಡುತ್ತಿತ್ತು. ಕಂಪ್ಯೂಟರ್ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುತ್ತದೆ, ಅದೇ ಲಾಗ್. ಸಾಲಿನೊಳಗಿನ ಒಂದೊಂದು ಮಾಹಿತಿಗೂ ಒಂದೊಂದು ಹೆಸರು. ಆ ಹೆಸರು ಹಿಡಿದು ಕೇಳಿದರೆ ಬೇಕಾದ ಸಾಲು ಸಿಗುತ್ತದೆ. ಹೆಸರೇ ತಪ್ಪಾಗಿದ್ದರೆ ‘ಏನೂ ಸಿಗಲಿಲ್ಲ’ ಎಂದು ಹೇಳಿ ತೆಪ್ಪಗಾಗುತ್ತದೆ. ತಪ್ಪು ನಿನ್ನದಪ್ಪಾ ಎಂದು ಹೇಳುವ ಸೌಜನ್ಯ ಅದಕ್ಕಿಲ್ಲ.

ಅದು ನಮ್ಮ ಮದುವೆಯ ನಂತರದ ಮೊದಲ ದೀಪಾವಳಿ. ಹೆಂಡತಿ ಮುಂಚೆಯೇ ದೌಂಡಿನ ತವರಿಗೆ ಹೋಗಿದ್ದಳು. ಹೊಸ ಅಳಿಯ ಸಂಜೆ ಬರುತ್ತಾನೆಂದು ಮಾವನವರು ರೈಲ್ವೆ ಕ್ವಾರ್ಟರ್ಸಿನವರನ್ನೆಲ್ಲ ಆರತಿಗೆ ಕರೆದಿದ್ದರು. ಇತ್ತ ನಮ್ಮ ಸಾಹೇಬರು, “ಆ ಗ್ರಾಹಕರ ಆರ್ಡರ್ ಎಲ್ಲಿ ಮಾಯ ಆಯ್ತು ಅಂತ ಹೇಳ್ಬಿಟ್ಟು ಆರಾಮಾಗಿ ಹೋಗಿ” ಎಂದಿದ್ದರು. ‘ಯೂಸರ್’ ಎಂಬ ಹೆಸರಿನಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ತಾರೀಖು ಬದಲಿಸಿದೆ, ಗಂಟೆ ಬದಲಿಸಿದೆ, ಏನೂ ಇಲ್ಲ. ಕಿಟಕಿಯಾಚೆ, ಇನ್ನೂ ಕಟ್ಟಡ ಏಳದಿದ್ದ ಹೊಲದಲ್ಲಿ ಜೋಳ ಬಿಸಿಲಿಗೆ ತೂಗುತ್ತಿತ್ತು. ಅದನ್ನೇ ನೋಡುತ್ತ ಅರ್ಧ ಮಧ್ಯಾಹ್ನ ಹೋಯಿತು.

ತಡವಾಗುತ್ತದೆಂದು ತಿಳಿಸಲು ದೌಂಡಿಗೆ ಫೋನ್ ಮಾಡಿದೆ. ಎತ್ತಿದವರು ಹೆಂಡತಿಯ ಅಜ್ಜಿ. “ವೈದೇಹಿ ಇದ್ದಾಳೇನ್ರಿ?” ಎಂದೆ.

“ಆ ಹೆಸರಿನವರು ಇಲ್ಲಿ ಯಾರೂ ಇಲ್ರಿ. ಬ್ಯಾರೆ ಮನೀಗೆ ಹಚ್ಚೀರಿ ನೀವು” ಎಂದು ಇಟ್ಟೇಬಿಟ್ಟರು. ಇಡುವ ಮುಂಚೆ, ಅವರ ಬೆನ್ನ ಹಿಂದೆಯೇ ನನ್ನ ಹೆಂಡತಿ ಯಾವುದಕ್ಕೋ ನಗುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತ್ತು.

ರಿಸೀವರ್ ಇಡುವಾಗ ಹೊಳೆಯಿತು. ವೈದೇಹಿ ಎನ್ನುವುದು ಮದುವೆಯಲ್ಲಿ ನಮ್ಮ ಪದ್ಧತಿಯಂತೆ ನಾನು ಉಂಗುರದಿಂದ ಅಕ್ಕಿಯ ಮೇಲೆ ಬರೆದು ಅವಳಿಗಿಟ್ಟ ಹೊಸ ಹೆಸರು. ಆ ಮನೆಯಲ್ಲಿ ಅವಳು ಹುಟ್ಟಿದಾಗಿನಿಂದ ಗೋದಾವರಿ. ಮೆಲ್ಲಗೆ ಕಂಪ್ಯೂಟರಿನತ್ತ ತಿರುಗಿ, ಯಾವ ಹೆಸರನ್ನೂ ಹೇಳದೆ ಒಂದೇ ಒಂದು ಸಾಲನ್ನು ಬಿಚ್ಚಿ ಓದಿದೆ. ಹಿಂದಿನ ವಾರ ಯಾರೋ ‘ಯೂಸರ್’ ತೆಗೆದು ‘ಕಸ್ಟಮರ್’ ಎಂದು ಮಾಡಿದ್ದರು. ಹಾಗೆ ಕೇಳಿದ್ದೇ ತಡ, ಸಾಲುಗಳು ದಬದಬ ಬಿದ್ದವು. ಆರ್ಡರಿನ ಗತಿ ಏನಾಯಿತೆಂದು ಸಾಹೇಬರಿಗೆ ಹೇಳಿ ರೈಲಿಗೆ ಓಡಿದೆ.

ಆರತಿಗೆ ಮುಂಚೆಯೇ ತಲುಪಿದೆ. ಅಂಗಳದಲ್ಲಿ ಅವಳು ನನಗೆ ಬೆನ್ನು ಹಾಕಿ ಆಕಾಶಬುಟ್ಟಿ ಕಟ್ಟುತ್ತಿದ್ದಳು. “ಗೋದಾ” ಎಂದೆ, ಮೆಲ್ಲಗೆ. ಒಂದೇ ಕರೆಗೆ ತಿರುಗಿದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಮೂರು ಸಲ ಕೂಗದೆ ಅವಳು ತಿರುಗಿದ್ದೇ ಇಲ್ಲ. ಪಾಪ, ಕಿವಿ ಮಂದ ಎಂದುಕೊಂಡು ನಾನು ಹಬ್ಬದ ಮರುದಿನಕ್ಕೆ ಡಾಕ್ಟರ ಹತ್ತಿರ ಸಮಯವನ್ನೂ ಗೊತ್ತುಮಾಡಿಕೊಂಡು ಬಂದಿದ್ದೆ.