ಎರಡು ಬೆರಳಗಲದ ಅಪ್ಪ

ಒಂದು ಫೋಟೊ ತರುವುದು ಎಷ್ಟರ ಕೆಲಸ? ಬೆಳಿಗ್ಗೆ ರಾಯಚೂರಿನಲ್ಲಿ ಬಸ್ಸು ಹತ್ತಿ, ಮಾನ್ವಿಯಲ್ಲಿ ಇಳಿದು, ಗೋಡೆಯಿಂದ ಫೋಟೊ ತೆಗೆದುಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಬಹುದು. ಹೀಗೆಂದು ನನ್ನ ಹೆಂಡತಿ ಶರಣಮ್ಮನಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು!

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ಮಾನ್ವಿಯ ಬಸಣ್ಣ ಕಾಕಾ ತೀರಿಕೊಂಡಿದ್ದರು. ಕಾಕಾ ಎಂದರೆ ನಮ್ಮಪ್ಪನ ಸೋದರತ್ತೆಯ ಮೈದುನನ ಮಗ. ಈ ಸಂಬಂಧ ವಿವರಿಸಿ ಮುಗಿಸುವಷ್ಟರಲ್ಲಿ ಮಾನ್ವಿ ಬಸ್ಸು ಹೋಗಿಬಿಡುತ್ತದೆ. ಆದರೆ ಅವರ ಮನೆಯ ಗೋಡೆಯಲ್ಲಿ, ತೊಲೆಯ ಹತ್ತಿರ, ಅವರ ಮದುವೆಯ ಗುಂಪು ಫೋಟೊ ಒಂದಿತ್ತು. ಅದರಲ್ಲಿ ಅಪ್ಪ ಇದ್ದರು. ಅವರು ಜೀವಮಾನದಲ್ಲಿ ಫೋಟೊಗೆ ನಿಂತದ್ದು ಅದೊಂದೇ ಸಲ. ನಾನು ತೊಟ್ಟಿಲಲ್ಲಿದ್ದಾಗಲೇ ಹೋದರು; ಅವರ ಮುಖ ನನಗೆ ಗೊತ್ತಿರಲಿಲ್ಲ. ಸಣ್ಣವನಿದ್ದಾಗ ಆ ಫೋಟೊ ನೋಡಿದ್ದೆ. ಅಷ್ಟೆತ್ತರದಲ್ಲಿ, ಹೊಗೆ ಹಿಡಿದ ಗಾಜಿನ ಹಿಂದೆ ಕಂಡದ್ದು ಬರೀ ರುಮಾಲುಗಳು. ಇಳಿಸಿ ತೋರಿಸಿ ಎಂದರೆ ಕಾಕಾ, “ನನ್ನ ಮದಿವಿಗಿ ಅದೊಂದ ಸಾಕ್ಷಿ ಉಳದದ. ಯಾರೂ ಕೈ ಹಚ್ಚಬ್ಯಾಡ್ರಿ” ಎನ್ನುತ್ತಿದ್ದರು.

ಈಗ ಅವ್ವನ ಕಣ್ಣಿಗೆ ಪೊರೆ ಬರುತ್ತಿತ್ತು. ಆಪರೇಷನ್ ಮಾತೆತ್ತಿದರೆ ಹೌಹಾರುತ್ತಿದ್ದಳು. “ಕಣ್ಣು ಪೂರಾ ಹೋಗೂದ್ರಾಗ ಒಮ್ಮಿ ಅವರ ಮಾರಿ ನೋಡಬೇಕಪ್ಪಾ” ಎಂದಳು. ಅವ್ವ ನನ್ನನ್ನು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ.

“ಅಷ್ಟು ಮಂದ್ಯಾಗ ಅಪ್ಪನ್ನ ಹ್ಯಾಂಗ ಗುರ್ತು ಹಿಡೀಲಿ ಯವ್ವಾ?”

“ಕೆಂಪು ರುಮಾಲು ಸುತ್ಯಾರ. ನೋಡಾಕ ಥೇಟ್ ನಿನ್ನಂಗ ಅದಾರ.”

ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದ ಅವ್ವ ಇಷ್ಟು ಹೇಳಿದ್ದೇ ಹೆಚ್ಚು. ನನ್ನಂಥ ಜಾಣನಿಗೆ ಇಷ್ಟು ಸಾಕಲ್ಲವೇ?

ಮೂರನೆಯ ದಿನ ಮಾತಾಡಿಸಿ ಬರಲು ಮಾನ್ವಿಗೆ ಹೋದೆ. ಹೆಂಗಸರು ಅಳುತ್ತಿದ್ದರು. ನಾನು ತೊಲೆಯನ್ನೇ ನೋಡುತ್ತ ನಿಂತಿದ್ದೆ. “ಪಾಪ, ಕಾಕಾನ್ನ ಭಾಳ ಹಚ್ಚಿಕೊಂಡಿದ್ದ” ಎಂದು ಯಾರೋ ನನಗೆ ನೀರು ಕೊಟ್ಟರು. ಕಾಕಾನ ಒಬ್ಬಳೇ ಮಗಳು ನೀಲಮ್ಮನ ಕಿವಿಯಲ್ಲಿ ವಿಷಯ ಹೇಳಿದೆ. ಅವಳು ಕಣ್ಣೊರೆಸಿಕೊಂಡು, “ಸತ್ತ ಮನಿಯಿಂದ ಏನೂ ಒಯ್ಯಬಾರ್ದಣ್ಣಾ. ದಿನ ಮುಗೀಲಿ. ನಾ ದೇವದುರ್ಗಕ್ಕ ಒಯ್ತೀನಿ, ಅಲ್ಲಿಗಿ ಬಾ” ಎಂದಳು.

ಕೆಲಸವಾಯಿತಲ್ಲ ಎಂಬ ಸಂತೋಷದಲ್ಲಿ ಎದ್ದು ನಿಂತು, ಎಲ್ಲರಿಗೂ ಕೈಮುಗಿದು, ಗಟ್ಟಿಯಾಗಿ, “ಹೋಗಿ ಬರ್ತೀನ್ರಿ!” ಎಂದುಬಿಟ್ಟೆ.

ಅಳು ನಿಂತಿತು. ಸಾವಿನ ಮನೆಯಲ್ಲಿ ಮತ್ತೆ ಬರುತ್ತೇನೆ ಎನ್ನುವ ಮೊದಲ ಮನುಷ್ಯನನ್ನು ಮಾನ್ವಿ ಅಂದು ಕಂಡಿತು. ಮೂಲೆಯಲ್ಲಿದ್ದ ಮುದುಕರೊಬ್ಬರು, “ಲೇ, ಸುಮ್ನ ಎದ್ದು ಹೋಗಲೇ!” ಎಂದು ಗದರಿದರು. ಹೋದೆ.

ತಿಂಗಳು ಬಿಟ್ಟು ದೇವದುರ್ಗಕ್ಕೆ ಹೋದರೆ, ನೀಲಮ್ಮನ ಮನೆಯಲ್ಲಿ ಅದೇ ಚೌಕಟ್ಟು, ಒಳಗೆ ಕಾಕಾನ ದೊಡ್ಡ ಫೋಟೊ, ಹಾರ, ವಿಭೂತಿ!

“ಮದಿವಿ ಫೋಟೊ ಎಲ್ಲಿ ಅದ ನೀಲಮ್ಮಾ?”

“ಅದರಾಗ ಅದ ಅಣ್ಣಾ. ಅದರ ರಟ್ಟು ಗಟ್ಟಿ ಅದ ಅಂತ ಅಪ್ಪನ ಫೋಟೊ ಹಿಂದ ಕೊಟ್ಟೀನಿ. ತಕ್ಕೋ, ಬ್ಯಾರೆ ರಟ್ಟು ಹಾಕಿದ್ರಾತು.”

ಸತ್ತ ಮೇಲೂ ಕಾಕಾ ಆ ಫೋಟೊದ ಮೇಲೆಯೇ ಕುಳಿತಿದ್ದರು! ಚೌಕಟ್ಟನ್ನು ಬೋರಲು ಹಾಕಿ, ಮೊಳೆ ಕಿತ್ತು, ಫೋಟೊ ತೆಗೆದು, ಹಿಂದೆ ಹೊಸ ರಟ್ಟು ಕೊಟ್ಟು ಮೊಳೆ ಹೊಡೆದು ಗೋಡೆಗೆ ಹಾಕಿದೆ. ನೀಲಮ್ಮ ಸ್ವಲ್ಪ ಹೊತ್ತು ನೋಡಿ, “ಅಣ್ಣಾ, ನಮ್ಮಪ್ಪ ತಲಿ ಕೆಳಗ ಮಾಡ್ಯಾನ” ಎಂದಳು. ಮತ್ತೆ ಮೊಳೆ ಕಿತ್ತೆ.

ಬಸ್ಸಿನಲ್ಲಿ ಫೋಟೊ ಮುದುಡಬಾರದೆಂದು ಅಂಗಿಯೊಳಗೆ ಎದೆಗಾನಿಸಿ ಇಟ್ಟುಕೊಂಡೆ. ರಟ್ಟು ಬಗ್ಗುತ್ತಿರಲಿಲ್ಲ, ಹಾಗಾಗಿ ನಾನೂ ಬಗ್ಗುವಂತಿರಲಿಲ್ಲ. ಬೆನ್ನುಮೂಳೆ ಮುರಿದವನೆಂದು ತಿಳಿದು ಒಬ್ಬರು ಎದ್ದು ಜಾಗ ಕೊಟ್ಟರು. ರಾಯಚೂರು ಬರುವತನಕ ಅಪ್ಪನನ್ನು ಎದೆಗವಚಿಕೊಂಡು ಕುಳಿತಿದ್ದೆ. ಅಪ್ಪನ ಎದೆಗೆ ನಾನು ಎಂದಾದರೂ ಹೀಗೆ ಒರಗಿದ್ದೆನೋ ಏನೋ ಎಂದು ಯೋಚಿಸಿ ಕಣ್ಣು ತುಂಬಿಬಂತು. ಜಾಗ ಕೊಟ್ಟವರು, “ಭಾಳ ನೋಯಾಕತ್ತದೇನ್ರಿ?” ಎಂದರು. ಹೌದೆಂದೆ.

ಮೂರು ದಿನಕ್ಕೆ ಮಹಾನವಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಅಂದೇ ಅವ್ವನಿಗೆ ತೋರಿಸಿ ಬೆರಗುಗೊಳಿಸಬೇಕೆಂದು ಗುಟ್ಟಾಗಿಟ್ಟೆ. ಇನ್ನು ಅಪ್ಪನನ್ನು ಗುರುತಿಸುವ ಕೆಲಸ. ಕಪ್ಪು ಬಿಳುಪು ಫೋಟೊ. ಹನ್ನೊಂದು ರುಮಾಲು, ಎಲ್ಲವೂ ಬೂದಿ ಬಣ್ಣ! ಕೆಂಪು ಯಾವುದು? ಉಳಿದದ್ದು ಎರಡನೆಯ ಗುರುತು, ನೋಡಲು ಥೇಟ್ ನನ್ನಂತೆ. ನಟ್ಟನಡುವೆ, ಮದುಮಗನ ಹಿಂದೆ, ಹುರಿಮೀಸೆಯ ಒಬ್ಬ ಗಂಡಾಳು ಎದೆಯೆತ್ತಿ ನಿಂತಿದ್ದ. ಸಂಶಯವೇ ಉಳಿಯಲಿಲ್ಲ.

“ಇವರು ನಿಮ್ಮಂಗ ಅದಾರ?” ಎಂದಳು ಶರಣಮ್ಮ.

“ಮೀಸಿ ಬಿಟ್ರ ನಾನೂ ಹಿಂಗ ಕಾಣ್ತೀನಿ.”

ಚೌಕಟ್ಟನ್ನು ಬಜಾರಿನಲ್ಲಿ ಮಾಡಿಸಿ ಎಂದಳು. ನಾನು ಬಿಡಲಿಲ್ಲ. ಅಪ್ಪನಿಗಾಗಿ ನನ್ನ ಟೈಪಿಂಗ್ ಸರ್ಟಿಫಿಕೇಟನ್ನೇ ಅದರ ಚೌಕಟ್ಟಿನಿಂದ ಹೊರಗೆ ಹಾಕುವ ಮಹಾತ್ಯಾಗಕ್ಕೆ ಸಿದ್ಧನಾದೆ. ಫೋಟೊ ಚೌಕಟ್ಟಿಗಿಂತ ಎರಡು ಬೆರಳಗಲ ಹೆಚ್ಚಾಯಿತು. ಅಂಚಿನಲ್ಲಿ ಯಾರೋ ಒಬ್ಬ ನರಪೇತಲ, ಕಿವಿ ಅಗಲಿಸಿಕೊಂಡು, ಗಾಬರಿಗಣ್ಣು ಬಿಟ್ಟುಕೊಂಡು, ಕುರ್ಚಿ ಹಿಡಿದು ನಿಂತಿದ್ದ. ಕರೆಯದೆ ಬಂದು ಸೇರಿಕೊಂಡವನಿರಬೇಕು. ಬ್ಲೇಡು ಹಾಕಿ ಅವನನ್ನು ಕತ್ತರಿಸಿದೆ.

ಅದೇ ಹೊತ್ತಿಗೆ ಒಳಗಿನಿಂದ ಅವ್ವ, “ಯಪ್ಪಾ, ಮಂಚ ಅಲುಗಾಡಾಕತ್ತದ, ಏನರ ಕೊಡೋ” ಎಂದಳು. ನನ್ನ ಕೈ ಆಗ ಕೆಲಸದ ಹುರುಪಿನಲ್ಲಿತ್ತು. ಆ ತುಂಡನ್ನೇ ನಡುವೆ ಮಡಚಿ ಮಂಚದ ಕಾಲಿನ ಕೆಳಗೆ ತುರುಕಿದೆ. ಮಂಚ ಗಟ್ಟಿಯಾಯಿತು. ಒಂದೇ ಬ್ಲೇಡಿನಲ್ಲಿ ಎರಡು ಕೆಲಸ!

ಅಮಾವಾಸ್ಯೆ ಬಂತು. ಹುರಿಮೀಸೆಗೆ ಚೆಂಡುಹೂವಿನ ಹಾರ ಹಾಕಿ, ವಿಭೂತಿ ಹಚ್ಚಿ, ಮುಂದೆ ಹೋಳಿಗೆ ಇಟ್ಟು ಅವ್ವನನ್ನು ಕೈಹಿಡಿದು ಕರೆತಂದೆ. ಅವಳು ಚೌಕಟ್ಟನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು.

“ಇವಗ್ಯಾಕ ಹಾರ ಹಾಕೀಯೋ?”

“ಅಪ್ಪ ಅಲ್ಲೇನ ಯವ್ವಾ?”

“ಬಿಡ್ತು ಅನ್ನು! ಇವ ಬಾಜಾ ಊದಾಂವ, ಚಂದ್ರಬಂಡದ ಹುಸೇನಪ್ಪ! ಫೋಟೊ ತೆಗಿಯಾಗ ನಡುವ ಬಂದು ನಿಂತಬಿಟ್ಟ. ಮೊನ್ನಿ ಸಂತಿಗಿ ಬಂದಾಗ ನಮ್ಮನಿಯಾಗ ಚಾ ಕುಡದು ಹೋಗ್ಯಾನ! ಬದುಕಿದ್ದವಗ ಹಾರ ಹಾಕ್ತಾರೇನೋ?”

ಮೂರು ಸಲ ‘ಬಿಡ್ತು’ ಎಂದೆ. ಹಾರ ಕಿತ್ತೆ. ವಿಭೂತಿ ಒರೆಸಿದೆ. ಅವ್ವನ ಬೆರಳು ಮಾತ್ರ ಗಾಜಿನ ಮೇಲೆ ಮೆಲ್ಲಗೆ ಸರಿಯುತ್ತ ಅಂಚಿಗೆ ಬಂದು ನಿಂತಿತು. ಅಲ್ಲಿ ಒಂದು ಕುರ್ಚಿ. ಕುರ್ಚಿಯ ಮೇಲೆ ನಾಲ್ಕು ಬೆರಳು.

“ಈ ಬಳ್ಳು ಅವರವು,” ಎಂದಳು ಅವ್ವ. “ಉಳದ ಅವರು ಎಲ್ಲದಾರ?”

ಶರಣಮ್ಮ ನನ್ನ ಕಡೆ ನೋಡಿದಳು, ನಾನು ಮಂಚದ ಕಡೆ ನೋಡಿದೆ. ಅವಳೇ ಹೋಗಿ ಮಂಚ ಎತ್ತಿ, ಆ ತುಂಡು ತೆಗೆದು, ಸೆರಗಿನಿಂದ ಒರೆಸಿ ಅವ್ವನ ಕೈಗೆ ಕೊಟ್ಟಳು. ಅಗಲ ಕಿವಿ. ಗಾಬರಿಗಣ್ಣು. ಸೊಂಟದ ಹತ್ತಿರ ನಾನು ಹಾಕಿದ ಮಡಿಕೆ. ಮುಖಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಅವ್ವ ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದು ನಾನು ಹೆದರಿದ್ದೆ. ಅವಳು ನಕ್ಕಳು. ಅಷ್ಟು ವರ್ಷದಲ್ಲಿ ಅವ್ವ ಹಾಗೆ ನಾಚಿಕೊಂಡು ನಕ್ಕದ್ದನ್ನು ನಾನು ನೋಡಿರಲೇ ಇಲ್ಲ.

“ಇದ್ದಾಗ ಮನ್ಯಾಗ ಒಂದ್ ಕಡ್ಡಿ ಎತ್ತಿಡಲಿಲ್ಲ,” ಎಂದಳು. “ಈಗ ನೋಡು, ಮೂರು ದಿನ ನನ್ನ ಮಂಚ ಹಿಡಕೊಂಡು ಕುಂತಾರ!”

ಶರಣಮ್ಮ ತುಂಡನ್ನೂ ನನ್ನ ಮುಖವನ್ನೂ ಒಂದರ ಪಕ್ಕ ಒಂದು ಹಿಡಿದಂತೆ ನೋಡಿ, “ಹೌದ್ರಿ, ಈಗ ಖರೆ. ಥೇಟ್ ನಿಮ್ಮಂಗ ಅದಾರ” ಎಂದಳು.

ಅಪ್ಪನನ್ನು ಮೈದಾ ಅಂಟಿನಿಂದ ಮತ್ತೆ ಅವರ ಬೆರಳುಗಳಿಗೆ ಜೋಡಿಸಿದವಳು ಅವಳೇ. ಚೌಕಟ್ಟು ಬಜಾರಿನಲ್ಲೇ ಆಯಿತು, ಅವ್ವನ ಮಾತಿನಂತೆ ಗಾಜಿಲ್ಲದೆ. ಕಣ್ಣು ಪೂರಾ ಮಂಜಾಗುವ ತನಕ ಅವ್ವ ದಿನಾ ಬೆಳಿಗ್ಗೆ ಅದನ್ನು ಇಳಿಸಿಕೊಂಡು ನೋಡುತ್ತಿದ್ದಳು. ಆಮೇಲೆ ಆ ಜೋಡಿಸಿದ ಗೆರೆಯನ್ನು ಬೆರಳಿನಿಂದ ಸವರಿ, “ಇಲ್ಲೇ ಅದಾರ” ಎನ್ನುತ್ತಿದ್ದಳು. ನಾನು ಕತ್ತರಿಸದಿದ್ದರೆ ಆ ಗೆರೆ ಇರುತ್ತಿತ್ತೇ ಎಂದು ಒಮ್ಮೆ ಶರಣಮ್ಮನ ಮುಂದೆ ಹೆಮ್ಮೆಯಿಂದ ಕೇಳಿದೆ. ಅವಳು ಏನೂ ಅನ್ನಲಿಲ್ಲ.

ಈಗ ಅವ್ವ ಇಲ್ಲ. ಅವಳ ಮಂಚದ ಮೇಲೆ ನಾನು ಮಲಗುತ್ತೇನೆ. ಅದು ಇಂದಿಗೂ ಅಲುಗಾಡುತ್ತದೆ. ರಿಪೇರಿ ಮಾಡಲು ನನಗೆ ಶರಣಮ್ಮನ ಅಪ್ಪಣೆ ಇಲ್ಲ.