ನಾನು ಡಾಕ್ಟರಾದ ದಿನದ ಎರಡನೇ ಗುಂಡು

ಬದುಕಿರುವಾಗಲೇ ತನ್ನ ಸಾವಿಗೆ ಊರವರನ್ನು ಸೇರಿಸಿದ ವೈದ್ಯ ಇಡೀ ಕೊಡಗಿನಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಹೆಮ್ಮೆ ನಮ್ಮ ಮನೆತನದ ಕಾಯಿಲೆ. ನಾನು ಓದಿದ ದಪ್ಪ ದಪ್ಪ ಪುಸ್ತಕಗಳಲ್ಲಿ ಅದಕ್ಕೆ ಎಲ್ಲೂ ಮದ್ದು ಕಾಣಲಿಲ್ಲ.

ನಮ್ಮ ಪುಟ್ಟ ಕೊಡಗಿಗೆ ತನ್ನದೇ ಮುಖ್ಯಮಂತ್ರಿ ಇದ್ದ ಕಾಲ ಅದು. ಗಾಳಿಬೀಡಿನಿಂದ ಮಡಿಕೇರಿಯ ಹೈಸ್ಕೂಲಿಗೆ ಕಾಲು ತುಂಬ ಜಿಗಣೆ ಹೊತ್ತು ನಡೆದು, ಮುಂದೆ ಮೈಸೂರಿನಲ್ಲಿ ಮೊದಲ ಹೆಣ ಕಂಡು ಮೂರ್ಛೆ ಹೋಗಿ, ಎದ್ದು, ಒಮ್ಮೆ ಫೇಲಾಗಿ, ಅಂತೂ ಎಂ.ಬಿ.ಬಿ.ಎಸ್. ಪಾಸಾದೆ. ಮನೆಗೆ ತಂತಿ ಕಳಿಸಿದೆ. ಅದನ್ನು ಓದಿಸಿಕೊಂಡ ಅಪ್ಪ ನೇರ ಒಳಗೆ ಹೋಗಿ ಜೋಡುನಳಿಗೆಯ ಕೋವಿ ತಂದರಂತೆ. ನಮ್ಮ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಮಗ ಡಾಕ್ಟರಾಗಿ ಮತ್ತೆ ಹುಟ್ಟಿದ ಎಂಬುದು ಅಪ್ಪನ ಲೆಕ್ಕ. ಅಂಗಳದಲ್ಲಿ ನಿಂತು ಒಂದು ಹಾರಿಸಿದರು. ಇಷ್ಟು ದೊಡ್ಡ ಓದಿಗೆ ಒಂದೇ ಗುಂಡೇ ಎನಿಸಿ ಇನ್ನೊಂದು ನಳಿಗೆಯನ್ನೂ ಖಾಲಿ ಮಾಡಿಬಿಟ್ಟರು.

ಗದ್ದೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ಓಡಿ ಬಂದರು. ನೋಡಿದರೆ ಅಪ್ಪ ಕೈಯಲ್ಲಿ ತಂತಿ ಹಿಡಿದು ಅಳುತ್ತಿದ್ದಾರೆ. "ಯಾರಿಗೆ ಏನಾತ್?" ಎಂದು ಪಕ್ಕದ ಮನೆಯ ಪೂವಮ್ಮತ್ತೆ ಕೇಳಿದರೆ, ಸಂತೋಷದ ಅಳುವಿನ ನಡುವೆ "ನನ್ನ ಮಗ... ಮೈಸೂರ್‌ಲಿ..." ಎಂಬಷ್ಟೇ ಹೊರಟಿತು. ಅಲ್ಲಿಗೆ ನಾನು ಸತ್ತೆ. ಪೂವಮ್ಮತ್ತೆ ಎದೆ ಬಡಿದುಕೊಂಡು ನನ್ನ ಗುಣಗಾನ ಮಾಡಿದರಂತೆ. ಅದುವರೆಗೆ ಅವರು ನನ್ನನ್ನು ಕರೆಯುತ್ತಿದ್ದುದು ಪೇರಳೆ ಕಳ್ಳ ಎಂದು. ಅವ್ವ ಪಾಯಸದ ಸೌಟು ಹಿಡಿದು ಹೊರಬಂದ ಮೇಲೆಯೇ ನನಗೆ ಮರುಜೀವ.

ನಗು ಮುಗಿಯಿತು, ಅಪಶಕುನ ಉಳಿಯಿತು. ಮಡಿಕೇರಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಬಿಳಿ ಕೋಟು ತೊಟ್ಟು ಕೂತರೆ, ಗಾಳಿಬೀಡಿನವರು ನನ್ನ ಕೋಣೆ ದಾಟಿ ಹಿರಿಯ ಡಾಕ್ಟರ ಬಾಗಿಲಿಗೆ ಹೋಗುತ್ತಿದ್ದರು. "ನಿನ್ನ ಮೇಲೆ ಕೋಪ ಇಲ್ಲೆ ಮಗಾ," ಎಂದರು ಪೂವಮ್ಮತ್ತೆ, "ಆದ್ರೆ ನೀ ಡಾಕ್ಟ್ರಾದ ದಿನನೇ ಸಾವಿನ ಗುಂಡು ಬಿದ್ದುಟಲ್ಲ!" ಬೇರೆ ಊರಿನ ರೋಗಿಗಳು ಎಷ್ಟು ಬಂದರೇನು? ನನ್ನೂರಿನ ಒಂದು ನೆಗಡಿಯೂ ನನ್ನ ಪಾಲಿಗೆ ಬರಲಿಲ್ಲವಲ್ಲ ಎಂದು ನಿಜಕ್ಕೂ ನೋವಾಗುತ್ತಿತ್ತು.

ಹೀಗಿರುವಾಗ ಅಪ್ಪನಿಗೇ ನ್ಯುಮೋನಿಯಾ ಬಂತು. ಹಿರಿಯ ಡಾಕ್ಟರು ನೋಡಲಿ ಎಂದೆ. ಏದುಸಿರಿನಲ್ಲೂ ಅಪ್ಪ ಜಗ್ಗಲಿಲ್ಲ. "ನೋಡಿದ್ರೆ ನನ್ನ ಮಗನೇ ನೋಡೊಕು. ಬೇರೆಯವ್ರಿಗೆ ನಾ ನಾಲಗೆನೂ ತೋರ್ಸುಲೆ." ಪೆನಿಸಿಲಿನ್ ಚುಚ್ಚಿದೆ. ಬಾಯಿಪಾಠವಾಗಿದ್ದ ಪುಟಗಳನ್ನೂ ಮತ್ತೆ ಮತ್ತೆ ತೆಗೆದು ಓದಿದೆ. ಊರವರು ವಾರ್ಡಿನ ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು. ಕೊನೆಗೆ ಜ್ವರ ಇಳಿಯಿತು. ಅಪ್ಪ ಗಂಜಿ ಬೇಡ, ಹಂದಿ ಸಾರು ಬೇಕು ಎಂದ ದಿನ, ಪೂವಮ್ಮತ್ತೆ ತಮ್ಮ ಮಂಡಿನೋವನ್ನು ನನ್ನ ಕೋಣೆಗೇ ತಂದರು.

ಅಪ್ಪನನ್ನು ಮನೆಗೆ ಕರೆತಂದಾಗ ಗೋಡೆಯ ಮೇಲಿನ ಕೋವಿ ಕಣ್ಣಿಗೆ ಬಿತ್ತು. ಇದು ಅಪ್ಪನ ಮರುಹುಟ್ಟಲ್ಲವೇ? ಅಂಗಳಕ್ಕಿಳಿದು ಒಂದು ಗುಂಡು ಹಾರಿಸಿದೆ. ಎದೆ ಉಬ್ಬಿತು. ಬೆರಳು ನನ್ನ ಓದನ್ನಾಗಲಿ ಅನುಭವವನ್ನಾಗಲಿ ಒಂದು ಮಾತೂ ಕೇಳದೆ ಇನ್ನೊಂದನ್ನೂ ಹಾರಿಸಿಬಿಟ್ಟಿತು.

ಊರಿಗೆ ಊರೇ ಓಡಿ ಬಂತು. ಅಪ್ಪ ಕಂಬಳಿ ಹೊದ್ದು ಜಗಲಿಯಲ್ಲಿ ಕೂತು, ಕುಗ್ಗದ ಹೆಮ್ಮೆಯಿಂದ ಒಬ್ಬೊಬ್ಬರನ್ನೂ ಬರಮಾಡಿಕೊಂಡರು: "ಬನ್ನಿ, ಬನ್ನಿ. ಸತ್ತಂವ ನಾನೇ. ಔಷಧಿ ಕೊಟ್ಟದ್ ನನ್ನ ಮಗ!"

ಮರುದಿನ ಪೂವಮ್ಮತ್ತೆಯ ಮಂಡಿ ಹಿರಿಯ ಡಾಕ್ಟರ ಬಾಗಿಲಲ್ಲಿತ್ತು.